ಪೆಟ್ಟಿಗೆಯಲ್ಲಿ ಒಂಬತ್ತು ಮಕ್ಕಳ ಕಾರ್ಡು, ಕೈಯಲ್ಲಿ ಜಪಸರ: ರೋಸ್ ಕೆನಡಿ ಪ್ರಕರಣ

1944ರ ಮೇ 6, ಶನಿವಾರ. ಲಂಡನ್ನಿನ ಚೆಲ್ಸಿ ರಿಜಿಸ್ಟರ್ ಕಚೇರಿಯಲ್ಲಿ ಒಂದು ಮದುವೆ. ಯುದ್ಧದ ಕಾಲ, ಊರಲ್ಲಿ ಎಲ್ಲದಕ್ಕೂ ರೇಷನ್ನು. ಕೆಲವೇ ನಿಮಿಷದಲ್ಲಿ ಸಹಿ ಹಾಕಿ ಮುಗಿಸಿದರು. ಹುಡುಗಿ ಕ್ಯಾಥ್ಲೀನ್ ಕೆನಡಿ. ಅಮೆರಿಕದವಳು, 24 ವರ್ಷ, ರೆಡ್‌ಕ್ರಾಸ್ ಕೆಲಸಕ್ಕೆ ಲಂಡನ್ನಿಗೆ ಬಂದವಳು. ಹುಡುಗ ಬಿಲ್ಲಿ ಹಾರ್ಟಿಂಗ್ಟನ್. ಡೆವನ್‌ಶೈರ್ ಡ್ಯೂಕ್ ಅವರ ಹಿರಿಮಗ, ಬ್ರಿಟಿಷ್ ಸೇನೆಯ ಅಧಿಕಾರಿ. ಹುಡುಗನ ಅಪ್ಪ ಅಮ್ಮ ಬಂದಿದ್ದರು. ಹುಡುಗಿಯ ಮನೆಯಿಂದ ಬಂದವನು ಒಬ್ಬನೇ, ಅಣ್ಣ ಜೋ. ಅವನು ನೌಕಾಪಡೆಯ ಪೈಲಟ್ ಆಗಿ ಇಂಗ್ಲೆಂಡಿನಲ್ಲೇ ಇದ್ದ.

ಅಮ್ಮ ಎಲ್ಲಿದ್ದರು? ಬಾಸ್ಟನ್ನಿನ ಒಂದು ಆಸ್ಪತ್ರೆಯಲ್ಲಿ. ಪತ್ರಿಕೆಯವರು ವಿಚಾರಿಸಿದಾಗ, ಮಾತಾಡುವಷ್ಟು ಹುಷಾರಿಲ್ಲ ಎಂಬ ಉತ್ತರ ಸಿಕ್ಕಿತು.

ಆ ಅಮ್ಮನ ಹೆಸರು ರೋಸ್ ಫಿಟ್ಸ್‌ಜೆರಾಲ್ಡ್ ಕೆನಡಿ. 104 ವರ್ಷ ಬದುಕಿದರು. ಒಂಬತ್ತು ಮಕ್ಕಳನ್ನು ಹೆತ್ತರು. ಹೆಚ್ಚುಕಮ್ಮಿ ಇಡೀ ಬದುಕು ದಿನಾ ಬೆಳಿಗ್ಗೆ ಚರ್ಚಿಗೆ ಹೋದರು. ಒಬ್ಬ ಮಗ ಅಮೆರಿಕದ ಅಧ್ಯಕ್ಷನಾದ, ಇನ್ನಿಬ್ಬರು ಸೆನೆಟರ್ ಆದರು. ಇಬ್ಬರು ಗಂಡುಮಕ್ಕಳು ಗುಂಡೇಟಿಗೆ ಬಲಿಯಾದರು. ಆಕೆಯ ಬಗ್ಗೆ ಬರೆಯುವವರು ಮಾಮೂಲಾಗಿ ಹೇಳುವ ಕಥೆ ಒಂದೇ: ಅಷ್ಟು ಸಾವು ನೋಡಿದರೂ ದೇವರ ಮೇಲಿನ ನಂಬಿಕೆ ಆಕೆಯನ್ನು ಕಾಪಾಡಿತು. ಇದು ಸುಳ್ಳಲ್ಲ. ಆದರೆ ಅರ್ಧ ಮಾತ್ರ. ಉಳಿದರ್ಧ ಆ ರಿಜಿಸ್ಟರ್ ಕಚೇರಿಯ ಖಾಲಿ ಜಾಗದಲ್ಲಿದೆ. ನಾನು ಈ ಪ್ರಕರಣ ಎತ್ತಿಕೊಂಡಿದ್ದು ಅದಕ್ಕೇ. ಅಮ್ಮನಾಗಿ ಬೇಕಾದದ್ದು ಒಂದು, ಚರ್ಚಿನವಳಾಗಿ ಬೇಕಾದದ್ದು ಇನ್ನೊಂದು ಆದಾಗ ಈ ಹೆಂಗಸು ಏನು ಮಾಡಿದರು, ಯಾಕೆ ಮಾಡಿದರು?

ಹದಿನೇಳರ ಹುಡುಗಿ ಬಿಟ್ಟುಕೊಟ್ಟದ್ದು

ರೋಸ್ ಹುಟ್ಟಿದ್ದು 1890ರ ಜುಲೈ 22ರಂದು, ಬಾಸ್ಟನ್ನಿನ ನಾರ್ತ್ ಎಂಡ್ ಎಂಬ ಕಿಕ್ಕಿರಿದ ಬಡಾವಣೆಯಲ್ಲಿ. ಐರ್ಲೆಂಡಿನಿಂದ ವಲಸೆ ಬಂದವರ ಮೊಮ್ಮಗಳು. ಜ್ಞಾನಸ್ನಾನ ಆದದ್ದು ಮನೆ ಹತ್ತಿರದ ಸೇಂಟ್ ಸ್ಟೀಫನ್ಸ್ ಚರ್ಚಿನಲ್ಲಿ. ಆ ಚರ್ಚಿನ ಕಥೆಯೂ ಸ್ವಾರಸ್ಯದ್ದೇ. 1804ರಲ್ಲಿ ಅದನ್ನು ಕಟ್ಟಿಸಿದವರು ಪ್ರಾಟೆಸ್ಟಂಟರು. ಐರಿಶ್ ವಲಸಿಗರು ಬಡಾವಣೆ ತುಂಬಿದ ಮೇಲೆ, 1862ರಲ್ಲಿ, ಕ್ಯಾಥೊಲಿಕರು ಅದನ್ನು ಕೊಂಡರು. ಬಾಸ್ಟನ್ನಿನಲ್ಲಿ ಆಗ ಈ ಎರಡು ಪಂಗಡಗಳ ನಡುವೆ ಒಂದು ಗೋಡೆಯೇ ಇತ್ತು. ಹಣ, ಬ್ಯಾಂಕು, ಹಳೇ ಮನೆತನ ಎಲ್ಲ ಒಂದು ಕಡೆ. ಓಟು, ಗದ್ದಲ, ರಾಜಕೀಯ ಇನ್ನೊಂದು ಕಡೆ. ರೋಸ್ ಅವರ ಅಪ್ಪ ಜಾನ್ ಫಿಟ್ಸ್‌ಜೆರಾಲ್ಡ್ ಈ ಎರಡನೇ ಕಡೆಯ ಸರದಾರ. 1906ರಲ್ಲಿ ಬಾಸ್ಟನ್ನಿನ ಮೇಯರ್ ಆದರು. ಮಾತುಗಾರ, ಹಾಡುಗಾರ, ಊರಿಗೆಲ್ಲ ಬೇಕಾದವರು. ತಾಯಿಗೆ ಈ ಗಲಾಟೆ ಹಿಡಿಸದು. ಹಾಗಾಗಿ ಹಿರಿಮಗಳು ರೋಸ್ ಅಪ್ಪನ ಜೊತೆ ಸಭೆ ಸಮಾರಂಭಗಳಿಗೆ ಓಡಾಡಿದಳು.

ಹುಡುಗಿ ಓದಿನಲ್ಲಿ ಚುರುಕು. ವೆಲೆಸ್ಲಿ ಕಾಲೇಜಿಗೆ ಸೇರಬೇಕೆಂದು ಆಸೆ. ಸೀಟೂ ಸಿಕ್ಕಿತ್ತು. ಆದರೆ ಅದು ಪ್ರಾಟೆಸ್ಟಂಟರು ಕಟ್ಟಿದ ಕಾಲೇಜು. ಕ್ಯಾಥೊಲಿಕ್ ಮೇಯರ್ ಮಗಳೇ ಅಲ್ಲಿಗೆ ಹೋದರೆ ಉಳಿದವರಿಗೆ ಏನು ಹೇಳುವುದು ಎಂದು ಬಾಸ್ಟನ್ನಿನ ಕ್ಯಾಥೊಲಿಕ್ ಚರ್ಚಿನ ಮುಖ್ಯಸ್ಥ, ಆರ್ಚ್‌ಬಿಷಪ್ ವಿಲಿಯಂ ಓಕಾನಲ್ ಆಕ್ಷೇಪ ಎತ್ತಿದರು. ಅಪ್ಪನಿಗೆ ಓಟಿನ ಲೆಕ್ಕ. ವೆಲೆಸ್ಲಿ ತಪ್ಪಿತು. ರೋಸ್ ಬಾಸ್ಟನ್ನಿನ ಕಾನ್ವೆಂಟಿಗೆ ಹೋದರು, ಆಮೇಲೆ ನೆದರ್ಲೆಂಡ್ಸ್‌ನ ವಾಲ್ಸ್ ಎಂಬ ಊರಿನ ಸೇಕ್ರೆಡ್ ಹಾರ್ಟ್ ಕಾನ್ವೆಂಟಿಗೆ. ಬೆಳಗ್ಗೆ ಬೇಗ ಏಳುವುದು, ಮೌನ, ಗಂಟೆ ಬಾರಿಸಿದಂತೆ ದಿನ ನಡೆಸುವುದು ಅಲ್ಲಿ ಅಭ್ಯಾಸವಾಯಿತು. ಆ ದಿನಚರಿ ಮುಂದೆ ಎಂಬತ್ತು ವರ್ಷ ಬಾಳಿತು ಅಂದರೆ ಜಾಸ್ತಿ ಹೇಳಿದಂತಲ್ಲ.

ವೆಲೆಸ್ಲಿ ಕೈತಪ್ಪಿದ್ದೇ ತನ್ನ ದೊಡ್ಡ ಕೊರಗು ಎಂದು ರೋಸ್ ಮುಪ್ಪಿನಲ್ಲಿ ಹೇಳಿಕೊಂಡಿದ್ದರು. ಗಂಡುಮಕ್ಕಳ ಸಾವು ಕಂಡ ಬಾಯಲ್ಲಿ ಬಂದ ಮಾತು ಇದು. ಸಾವು ದೇವರಿಗೆ ಸೇರಿದ್ದು, ಅದರ ಲೆಕ್ಕ ಬೇರೆ ಪುಸ್ತಕದಲ್ಲಿ ಅಂತ ಅವರು ಇಟ್ಟುಕೊಂಡಿದ್ದರೋ ಏನೋ. ಕಾಲೇಜನ್ನು ಕಿತ್ತುಕೊಂಡವರು ಮಾತ್ರ ಮನುಷ್ಯರೇ.

ಇಲ್ಲೊಂದು ತಿರುವು ಇದೆ. ರೋಸ್ ಎಲ್ಲದಕ್ಕೂ ತಲೆಬಾಗುವವರಲ್ಲ. ಜೋಸೆಫ್ ಕೆನಡಿಯನ್ನು ಅಪ್ಪ ಒಪ್ಪಲಿಲ್ಲ. ಬೇರೆ ಗಂಡು ಹುಡುಕಿದರು, ದೂರ ಕಳಿಸಿ ನೋಡಿದರು. ರೋಸ್ ವರ್ಷಗಟ್ಟಲೆ ಕಾದು, ಕೊನೆಗೆ ಅವರನ್ನೇ ಮದುವೆಯಾದರು. 1914ರ ಅಕ್ಟೋಬರ್ 7ರಂದು ಮದುವೆ ಮಾಡಿಸಿದವರು ಅದೇ ಓಕಾನಲ್. ಅಷ್ಟರಲ್ಲಿ ಅವರು ಕಾರ್ಡಿನಲ್ ಆಗಿದ್ದರು, ಅಂದರೆ ಪೋಪರ ನಂತರದ ಹಿರಿಯ ಪದವಿ. ಮದುವೆ ನಡೆದದ್ದು ಅವರ ಖಾಸಗಿ ಪ್ರಾರ್ಥನಾಲಯದಲ್ಲೇ. ಅಂದರೆ ರೋಸ್ ಅಪ್ಪನನ್ನು ಎದುರಿಸಬಲ್ಲವರು, ಚರ್ಚನ್ನು ಎದುರಿಸಲಿಲ್ಲ. ಜೋಸೆಫ್ ಕ್ಯಾಥೊಲಿಕ್ ಆಗಿದ್ದರಿಂದ ಎದುರಿಸುವ ಪ್ರಮೇಯವೂ ಬರಲಿಲ್ಲ. ಮೂವತ್ತು ವರ್ಷದ ಬಳಿಕ ಮಗಳು ಕ್ಯಾಥ್ಲೀನ್ ಹಟ ಹಿಡಿದಾಗ ಈ ವ್ಯತ್ಯಾಸ ಮುಖ್ಯವಾಗುತ್ತದೆ.

ಕಾರ್ಡು ಪೆಟ್ಟಿಗೆ

1915ರಿಂದ 1932ರ ನಡುವೆ ಒಂಬತ್ತು ಮಕ್ಕಳು. ಜೋ, ಜಾನ್, ರೋಸ್‌ಮೇರಿ, ಕ್ಯಾಥ್ಲೀನ್, ಯೂನಿಸ್, ಪೆಟ್ರಿಷಿಯಾ, ರಾಬರ್ಟ್, ಜೀನ್, ಎಡ್ವರ್ಡ್. ಯಾರಿಗೆ ಯಾವ ಕಾಯಿಲೆ ಬಂದಿತ್ತು, ಯಾರಿಗೆ ಚುಚ್ಚುಮದ್ದು ಆಯಿತು ಅನ್ನುವುದೇ ನೆನಪಿರುತ್ತಿರಲಿಲ್ಲ. ಅದಕ್ಕೆ ರೋಸ್ ಒಂದು ಪೆಟ್ಟಿಗೆ ತಂದು ಮಗುವಿಗೊಂದು ಕಾರ್ಡು ಮಾಡಿದರು. ಹುಟ್ಟಿದ ದಿನ, ಜ್ಞಾನಸ್ನಾನ, ತೂಕ, ಚುಚ್ಚುಮದ್ದು, ಕಾಯಿಲೆ ಎಲ್ಲ ಅದರಲ್ಲಿ. ಮುಂದೆ ಅಧ್ಯಕ್ಷನಾದ ಜಾನ್ ಹೆಸರಿನ ಕಾರ್ಡು ಇವತ್ತಿಗೂ ಬಾಸ್ಟನ್ನಿನ ಕೆನಡಿ ಗ್ರಂಥಾಲಯದಲ್ಲಿದೆ. ನಾಯಿಕೆಮ್ಮು, ದಡಾರ, ಚಿಕನ್‌ಪಾಕ್ಸ್, ಎಲ್ಲ ಅಮ್ಮನ ಕೈಬರಹದಲ್ಲಿ. ವಾರಕ್ಕೊಮ್ಮೆ ಮಕ್ಕಳನ್ನು ತೂಕಕ್ಕೆ ನಿಲ್ಲಿಸುತ್ತಿದ್ದರು. ತೂಕ ಇಳಿದ ಮಗುವಿಗೆ ಊಟ ಜಾಸ್ತಿ. ಮುಂದೆ ಇಂಗ್ಲೆಂಡಿನ ಪತ್ರಿಕೆಗಳು ಇದನ್ನು ಅಮೆರಿಕದವರ ಅಚ್ಚುಕಟ್ಟು ಎಂದು ಹೊಗಳಿದವು. ಅಚ್ಚುಕಟ್ಟು ಅಲ್ಲ, ಬೇರೆ ದಾರಿ ಇರಲಿಲ್ಲ ಎಂಬರ್ಥದಲ್ಲಿ ರೋಸ್ ನಕ್ಕು ಹೇಳಿದ್ದರು.

ಚರ್ಚೂ ಇದೇ ಲೆಕ್ಕದಲ್ಲಿ ನಡೆಯಿತು. ಬೆಂಗಳೂರು, ಮೈಸೂರು ಕಡೆಯ ಕ್ಯಾಥೊಲಿಕ್ ಮನೆಗಳಲ್ಲಿ ‘ಪೂಜೆಗೆ ಹೋಗಿ ಬಂದೆ’ ಅನ್ನುತ್ತಾರಲ್ಲ, ಆ ಬೆಳಗಿನ ಬಲಿಪೂಜೆ ರೋಸ್‌ಗೆ ಕಾಫಿಗಿಂತ ಮೊದಲಿನದು. ಬಾಸ್ಟನ್ ಪಕ್ಕದ ಬ್ರೂಕ್‌ಲೈನ್‌ನಲ್ಲಿದ್ದಾಗ ಮಕ್ಕಳನ್ನು ತಿರುಗಾಡಿಸಲು ಕರೆದುಕೊಂಡು ಹೊರಟರೆ ದಾರಿಯಲ್ಲಿ ಚರ್ಚಿನೊಳಗೆ ಹೊಕ್ಕು ಬರುತ್ತಿದ್ದರು. ಚರ್ಚು ಬರೀ ಭಾನುವಾರಕ್ಕಲ್ಲ ಅಂತ ಮಕ್ಕಳಿಗೆ ಗೊತ್ತಾಗಲಿ ಎಂದು. ಭಾನುವಾರ ಊಟದ ಮೇಜಿನಲ್ಲಿ ಫಾದರ್ ಏನು ಪ್ರವಚನ ಕೊಟ್ಟರು ಎಂಬ ಪ್ರಶ್ನೆ ಕಾದಿರುತ್ತಿತ್ತು. ಮಕ್ಕಳು ಬೆಳೆದು ದೂರ ಹೋದ ಮೇಲೆ ಕಾರ್ಬನ್ ಕಾಗದ ಹಾಕಿ ಟೈಪ್ ಮಾಡಿದ ಒಂದೇ ಪತ್ರ ಎಲ್ಲರಿಗೂ ಹೋಗುತ್ತಿತ್ತು. ಅದರಲ್ಲಿ ಮನೆಯ ಸುದ್ದಿ, ವ್ಯಾಕರಣದ ತಿದ್ದುಪಡಿ, ಪಾಪನಿವೇದನೆ ಮಾಡಿದಿರಾ ಎಂಬ ನೆನಪು, ಎಲ್ಲ ಕಲಸು.

ಮಕ್ಕಳಿಗೆ ಇದೆಲ್ಲ ಹೇಗೆ ಕಂಡಿತು? ಎಲ್ಲರಿಗೂ ಒಂದೇ ಥರ ಕಾಣಲಿಲ್ಲ. 1923ರಲ್ಲಿ ರೋಸ್ ಕೆಲವು ವಾರ ಕ್ಯಾಲಿಫೋರ್ನಿಯಾಕ್ಕೆ ಹೊರಟಾಗ ಐದು ವರ್ಷದ ಜಾನ್, ಮಕ್ಕಳನ್ನು ಬಿಟ್ಟು ಹೋಗುವ ನೀನು ಎಂಥಾ ಒಳ್ಳೇ ಅಮ್ಮ ಎಂದು ಕುಟುಕಿದನಂತೆ. ರೋಸ್ ಅದನ್ನು ತಮ್ಮ ಡೈರಿಯಲ್ಲಿ ತಾವೇ ಬರೆದಿಟ್ಟರು. ಈ ಗುಣ ನನಗೆ ಇಷ್ಟ. ಬೈದರೂ ದಾಖಲೆ ದಾಖಲೆಯೇ.

ಗಂಡನ ವಿಷಯ ಬೇಗ ಮುಗಿಸುತ್ತೇನೆ. ಜೋಸೆಫ್ ಕೆನಡಿ ಷೇರು, ಸಿನಿಮಾ, ಜಮೀನಿನಲ್ಲಿ ಕೋಟಿಗಟ್ಟಲೆ ಮಾಡಿದರು. ಬೇರೆ ಹೆಂಗಸರ ಸಹವಾಸವೂ ಇತ್ತು, ಅದು ಗುಟ್ಟಾಗಿಯೂ ಇರಲಿಲ್ಲ. 1920ರ ಆರಂಭದಲ್ಲಿ, ನಾಲ್ಕನೇ ಹೆರಿಗೆ ಹತ್ತಿರವಿರುವಾಗ, ರೋಸ್ ಮನೆ ಬಿಟ್ಟು ತವರಿಗೆ ಹೋದರು. ಕೆಲವು ವಾರ ಕಳೆದ ಮೇಲೆ ಅಪ್ಪ, ನಿನ್ನ ಮನೆ ಅಲ್ಲಿದೆ, ಹೋಗು ಎಂದು ಕಳಿಸಿಕೊಟ್ಟರು. ಈ ಮಾತನ್ನು ಕೇಳದ ಹೆಣ್ಣುಮಕ್ಕಳು ನಮ್ಮೂರುಗಳಲ್ಲಿ ಎಷ್ಟು ಜನ ಸಿಕ್ಕಾರು? ರೋಸ್ ಚರ್ಚಿನ ಧ್ಯಾನಕೂಟಕ್ಕೆ ಹೋಗಿ ಬಂದರು, ಗಂಡನ ಮನೆಗೆ ವಾಪಸಾದರು. ಆ ಫೆಬ್ರವರಿಯಲ್ಲಿ ಹುಟ್ಟಿದ ಮಗುವೇ ಕ್ಯಾಥ್ಲೀನ್.

ರೋಸ್‌ಮೇರಿ

ಮೂರನೇ ಮಗು ರೋಸ್‌ಮೇರಿ ಹುಟ್ಟಿದ್ದು 1918ರ ಸೆಪ್ಟೆಂಬರ್‌ನಲ್ಲಿ, ಇನ್‌ಫ್ಲುಯೆಂಜಾ ಮಹಾಮಾರಿ ಊರನ್ನು ಮುತ್ತಿದ್ದಾಗ. ಡಾಕ್ಟರು ಬರುವುದು ತಡವಾಯಿತು, ನರ್ಸು ಹೆರಿಗೆಯನ್ನು ತಡೆಹಿಡಿದಳು ಎಂದು ಜೀವನಚರಿತ್ರೆಗಳು ಹೇಳುತ್ತವೆ. ಮಗು ನಡೆದದ್ದು ತಡ, ಮಾತಾಡಿದ್ದು ತಡ, ಬರೆಯಲು ಕಲಿತದ್ದು ಇನ್ನೂ ತಡ. ರೋಸ್ ಈ ಮಗಳಿಗೆ ಕೊಟ್ಟಷ್ಟು ಗಂಟೆಗಳನ್ನು ಯಾರಿಗೂ ಕೊಡಲಿಲ್ಲ. ಕೂತು ಓದಿಸಿದರು, ಟೆನಿಸ್ ಆಡಿಸಿದರು, ಶಾಲೆ ಮೇಲೆ ಶಾಲೆ ಹುಡುಕಿದರು.

1938ರಲ್ಲಿ ಜೋಸೆಫ್ ಇಂಗ್ಲೆಂಡಿಗೆ ಅಮೆರಿಕದ ರಾಯಭಾರಿಯಾದರು. ಇಡೀ ಸಂಸಾರ ಲಂಡನ್ನಿಗೆ ಹೋಯಿತು. ಆ ಮೇ ತಿಂಗಳಲ್ಲಿ ರೋಸ್‌ಮೇರಿಯೂ ಕ್ಯಾಥ್ಲೀನಳೂ ಅರಮನೆಯಲ್ಲಿ ರಾಜರಾಣಿಗೆ ನಮಿಸಿ ಬಂದರು. ರೋಸ್‌ಮೇರಿಗೆ ಅಲ್ಲೊಂದು ಮಾಂಟೆಸ್ಸರಿ ಪದ್ಧತಿಯ ಕಾನ್ವೆಂಟು ಸಿಕ್ಕಿತು. ಸಿಸ್ಟರ್‌ಗಳ ಜೊತೆ ಚಿಕ್ಕ ಮಕ್ಕಳಿಗೆ ಪಾಠ ಹೇಳಿಕೊಡಲು ನೆರವಾಗುತ್ತ ಹುಡುಗಿ ಅರಳಿದಳು. ಯುದ್ಧ ಬಂತು, ಅಮೆರಿಕಕ್ಕೆ ಮರಳಬೇಕಾಯಿತು. ಅಲ್ಲಿಂದ ಎಲ್ಲ ಹದಗೆಟ್ಟಿತು. ಸಿಟ್ಟು, ಕಿರುಚಾಟ, ರಾತ್ರಿ ಎದ್ದು ಹೊರಗೆ ಹೋಗಿಬಿಡುವುದು.

1941ರ ನವೆಂಬರ್‌ನಲ್ಲಿ ಜೋಸೆಫ್ ಮಗಳಿಗೆ ಲೋಬಾಟಮಿ ಮಾಡಿಸಿದರು. ಮೆದುಳಿನ ಮುಂಭಾಗದ ಎಳೆಗಳನ್ನು ಕತ್ತರಿಸುವ ಆಪರೇಷನ್. ವಾಲ್ಟರ್ ಫ್ರೀಮನ್, ಜೇಮ್ಸ್ ವಾಟ್ಸ್ ಎಂಬ ಡಾಕ್ಟರುಗಳು ಆಗ ಅದನ್ನು ಹೊಸ ಚಿಕಿತ್ಸೆ ಎಂದು ಪ್ರಚಾರ ಮಾಡುತ್ತಿದ್ದರು. 23 ವರ್ಷದ ರೋಸ್‌ಮೇರಿ ಆಪರೇಷನ್ನಿನಿಂದ ಎದ್ದಾಗ ನಡೆಯಲು, ಮಾತಾಡಲು ಬಾರದ ಮಗುವಾಗಿದ್ದಳು. ನಡಿಗೆ ಸ್ವಲ್ಪ ಮರಳಿತು. ಮಾತು ಮರಳಿದ್ದು ಬಹಳ ಕಡಿಮೆ.

ತನಗೆ ಮೊದಲೇ ಗೊತ್ತಿರಲಿಲ್ಲ ಎಂದು ರೋಸ್ ಹೇಳಿದ್ದರು. ವರ್ಷಗಟ್ಟಲೆ ತಾನು ಪಟ್ಟ ಪಾಡೆಲ್ಲ ಒಂದೇ ಸಲ ಅಳಿಸಿಹೋಯಿತು ಎಂದು ಮುಪ್ಪಿನಲ್ಲಿ ಹೇಳಿದ್ದೂ ಉಂಟು. ನಂಬಬಹುದು. ಆದರೆ ಆಮೇಲಿನದ್ದು? 1941ರ ನಂತರ ಆ ಕಾರ್ಬನ್ ಪತ್ರಗಳಲ್ಲಿ ರೋಸ್‌ಮೇರಿ ಹೆಸರು ಕಾಣೆಯಾಯಿತು. ಮಗಳು 1949ರಲ್ಲಿ ವಿಸ್ಕಾನ್ಸಿನ್‌ನ ಜೆಫರ್ಸನ್ ಊರಿನ ಸೇಂಟ್ ಕೊಲೆಟಾ ಆಶ್ರಮಕ್ಕೆ ಸೇರಿದಳು. ಫ್ರಾನ್ಸಿಸ್ಕನ್ ಸಿಸ್ಟರ್‌ಗಳು ನಡೆಸುತ್ತಿದ್ದ ಜಾಗ. ಅಮ್ಮ ಹೋಗಿ ನೋಡಿದ್ದು 1960ರ ದಶಕದಲ್ಲಿ, ಗಂಡನಿಗೆ ಪಾರ್ಶ್ವವಾಯು ಬಡಿದು ಮಾತು ನಿಂತ ಮೇಲೆ. ನಡುವೆ ಸುಮಾರು 20 ವರ್ಷ.

ದಿನಾ ಪೂಜೆಗೆ ಹೋಗುವ, ಪ್ರತಿ ಮಗುವಿನ ತೂಕ ಬರೆದಿಡುವ ತಾಯಿ 20 ವರ್ಷ ಒಬ್ಬ ಮಗಳನ್ನು ನೋಡದೇ ಇರಲು ಹೇಗೆ ಸಾಧ್ಯ? ಕೆಲವರು ಇದನ್ನು ಕಲ್ಲೆದೆ ಅನ್ನುತ್ತಾರೆ. ಹೋಗುವುದು ಬೇಡ ಎಂದು ಗಂಡ ತಡೆದರು ಅನ್ನುವವರೂ ಇದ್ದಾರೆ. ಗಂಡನ ತಡೆ ಇದ್ದಿರಬಹುದು. ಆದರೆ ಅಪ್ಪ ಬೇಡವೆಂದ ಗಂಡನ್ನು ಕಟ್ಟಿಕೊಂಡ ಹೆಂಗಸಿಗೆ ಅದನ್ನು ದಾಟಲು ಆಗುತ್ತಿರಲಿಲ್ಲವೇ? ಕಾನ್ವೆಂಟಿನಲ್ಲಿ ಕಲಿತ ಪಾಠ ಇಲ್ಲಿ ಕೆಲಸ ಮಾಡಿತು ಅಂತ ನನಗೆ ಅನ್ನಿಸುತ್ತದೆ. ತಿದ್ದಲಾಗದ್ದನ್ನು ದೇವರಿಗೆ ಒಪ್ಪಿಸು, ಬಾಯಿ ಮುಚ್ಚು, ದಿನಚರಿ ಬಿಡಬೇಡ. ಆ ಪಾಠ ಸಾವಿನ ಮುಂದೆ ಚೆನ್ನಾಗಿ ಕೆಲಸ ಮಾಡುತ್ತದೆ. ಜೀವಂತ ಇರುವ ಮಗಳ ವಿಷಯದಲ್ಲಿ ಅಲ್ಲ.

ಮತ್ತೆ 1944

ಈಗ ಕ್ಯಾಥ್ಲೀನ್ ಮದುವೆಗೆ ಬರೋಣ. ತಕರಾರು ಎಲ್ಲಿತ್ತು ಅನ್ನುವುದು ಗೊತ್ತಾಗದಿದ್ದರೆ ಅಮ್ಮನ ನಡತೆ ಬರೀ ಜಂಬದಂತೆ ಕಾಣುತ್ತದೆ.

ಆ ಕಾಲದ ಚರ್ಚಿನ ಕಾನೂನಿನ ಪ್ರಕಾರ ಕ್ಯಾಥೊಲಿಕ್ ಹುಡುಗಿ ಪ್ರಾಟೆಸ್ಟಂಟ್ ಹುಡುಗನನ್ನು ಮದುವೆಯಾಗಲು ವಿಶೇಷ ಅನುಮತಿ ಬೇಕು. ಅನುಮತಿಗೆ ಒಂದು ಷರತ್ತು. ಹುಟ್ಟುವ ಮಕ್ಕಳೆಲ್ಲ ಕ್ಯಾಥೊಲಿಕರಾಗಿಯೇ ಬೆಳೆಯಬೇಕು, ಇಬ್ಬರೂ ಮಾತು ಕೊಡಬೇಕು. ಬಿಲ್ಲಿ ಆ ಮಾತು ಕೊಡಲಾರ. ಅವನು ಮುಂದಿನ ಡ್ಯೂಕ್. ಅವನ ಮನೆತನ ಹಲವು ತಲೆಮಾರಿನಿಂದ ಚರ್ಚ್ ಆಫ್ ಇಂಗ್ಲೆಂಡಿನ ಕಂಬ. ಹಿರಿಯರೊಬ್ಬರು, ಲಾರ್ಡ್ ಫ್ರೆಡರಿಕ್ ಕ್ಯಾವೆಂಡಿಶ್, 1882ರಲ್ಲಿ ಡಬ್ಲಿನ್ನಿನಲ್ಲಿ ಐರಿಶ್ ಕ್ರಾಂತಿಕಾರಿಗಳ ಚೂರಿಗೆ ಬಲಿಯಾಗಿದ್ದರು. ಆ ಮನೆಯ ವಾರಸುದಾರ ಐರಿಶ್ ಮೂಲದ ಕ್ಯಾಥೊಲಿಕ್ ಸೊಸೆಯನ್ನು ತರುವುದೇ ದೊಡ್ಡದು. ಮಕ್ಕಳನ್ನೂ ಬಿಟ್ಟುಕೊಡು ಅಂದರೆ?

ಕಡೆಗೆ ಬಗ್ಗಿದವಳು ಕ್ಯಾಥ್ಲೀನ್. ಮಕ್ಕಳು ಗಂಡನ ಪಂಗಡದಲ್ಲೇ ಬೆಳೆಯಲಿ ಎಂದು ಒಪ್ಪಿದಳು. ಹಾಗೆ ಒಪ್ಪಿದ ಕೂಡಲೇ ಚರ್ಚಿನಲ್ಲಿ ಮದುವೆಯ ದಾರಿ ಮುಚ್ಚಿತು. ಉಳಿದದ್ದು ರಿಜಿಸ್ಟರ್ ಕಚೇರಿ. ಅಲ್ಲಿ ಸಹಿ ಹಾಕಿದವಳು ಚರ್ಚಿನ ಕಣ್ಣಲ್ಲಿ ಮದುವೆಯಾದವಳೇ ಅಲ್ಲ. ಬಲಿಪೂಜೆಯಲ್ಲಿ ಕೊಡುವ ಪವಿತ್ರ ರೊಟ್ಟಿ, ಅಂದರೆ ಪರಮಪ್ರಸಾದ, ಪಡೆಯುವಂತಿಲ್ಲ. ಹಾಗೇ ಸತ್ತರೆ ಆತ್ಮದ ಗತಿ ಏನು? ಇವತ್ತು ನಮಗೆ ಈ ಪ್ರಶ್ನೆ ಹಳೇದಾಗಿ ಕೇಳಿಸಬಹುದು. ರೋಸ್‌ಗೆ ಅದು ಜ್ವರದಷ್ಟು ನಿಜ. ಮಗುವಿಗೆ ವಿಷಮಜ್ವರ ಬಂದರೆ ಹೇಗೋ ಹಾಗೆ.

ಆದ್ದರಿಂದ ಅವರು ಜ್ವರಕ್ಕೆ ಮಾಡುವುದನ್ನೇ ಮಾಡಿದರು. ದೊಡ್ಡ ಡಾಕ್ಟರನ್ನು ಹುಡುಕಿದರು. ನ್ಯೂಯಾರ್ಕಿನ ಆರ್ಚ್‌ಬಿಷಪ್ ಫ್ರಾನ್ಸಿಸ್ ಸ್ಪೆಲ್‌ಮನ್ ಕೆನಡಿ ಮನೆಗೆ ಆಪ್ತರು. ಅವರ ಮೂಲಕ ಲಂಡನ್ನಿನಲ್ಲಿದ್ದ ಪೋಪರ ಪ್ರತಿನಿಧಿಯವರೆಗೆ ತಂತಿಗಳು ಓಡಾಡಿದವು. ಕೆನಡಿಗಳ ಪ್ರಭಾವವೇನು ಕಡಿಮೆಯೇ? 1936ರಲ್ಲಿ ಕಾರ್ಡಿನಲ್ ಪಾಚೆಲ್ಲಿ ಕೆನಡಿಗಳ ನ್ಯೂಯಾರ್ಕ್ ಬಳಿಯ ಮನೆಗೆ ಬಂದು ಕೂತು ಹೋಗಿದ್ದರು. ಮೂರು ವರ್ಷದ ಮೇಲೆ ಆ ಪಾಚೆಲ್ಲಿಯೇ ಹನ್ನೆರಡನೇ ಪಯಸ್ ಎಂಬ ಹೆಸರಿನಲ್ಲಿ ಪೋಪ್ ಆದರು. ಆ ಪಟ್ಟಾಭಿಷೇಕಕ್ಕೆ ಕೆನಡಿಗಳು ಸಂಸಾರ ಸಮೇತ ಹೋಗಿದ್ದರು. ಕಿರಿಮಗ ಎಡ್ವರ್ಡ್‌ಗೆ ಮೊದಲ ಪರಮಪ್ರಸಾದ ಕೊಟ್ಟದ್ದೇ ಹೊಸ ಪೋಪ್. ಪಾಚೆಲ್ಲಿ ಕೂತ ಸೋಫಾವನ್ನು ರೋಸ್ ಜತನವಾಗಿ ಕಾಪಾಡಿಕೊಂಡು ಬಂದರು. ಇಷ್ಟೆಲ್ಲ ಇದ್ದರೂ ಕಾನೂನು ಅಲುಗಾಡಲಿಲ್ಲ. ಹೇಗೆ ಅಲುಗಾಡೀತು, ತಪ್ಪದ ಕಾನೂನು ಅಂತಲೇ ತಾನೇ ಅವರು ಅದನ್ನು ನಂಬಿದ್ದು.

ಒಂದು ಕಾಕತಾಳೀಯ ಹೇಳಬೇಕು. ವೆಲೆಸ್ಲಿ ತಪ್ಪಿಸಿದ, ಮದುವೆ ಮಾಡಿಸಿದ ಕಾರ್ಡಿನಲ್ ಓಕಾನಲ್ ತೀರಿಕೊಂಡದ್ದು 1944ರ ಏಪ್ರಿಲ್ 22ರಂದು. ಕ್ಯಾಥ್ಲೀನ್ ಮದುವೆಗೆ ಸರಿಯಾಗಿ ಎರಡು ವಾರ ಮೊದಲು. ರೋಸ್‌ಗೆ ಅದು ಹೊಳೆದಿತ್ತೋ ಇಲ್ಲವೋ. ಆದರೆ ಹದಿನೇಳನೇ ವಯಸ್ಸಿನಲ್ಲಿ ಅದೇ ಕೈ ತನ್ನ ಆಸೆಯನ್ನು ಕಿತ್ತುಕೊಂಡಾಗ ಸುಮ್ಮನಾದ ಹುಡುಗಿಗೆ, ಮಗಳು ಅಷ್ಟು ಸಲೀಸಾಗಿ ದಾಟಿಹೋದದ್ದು ಹೇಗೆ ಕಂಡಿರಬಹುದು? ನಾನು ಬಿಟ್ಟೆ, ನೀನು ಯಾಕೆ ಬಿಡಬಾರದು? ಅತ್ತೆ ಸೊಸೆಯರ ನಡುವೆ, ತಾಯಿ ಮಗಳ ನಡುವೆ ನಾವೂ ದಿನಾ ಕೇಳುವ ಪ್ರಶ್ನೆ ಇದು.

ಪೂರಾ ಆತ್ಮದ ಚಿಂತೆಯೇ ಅಂತಲೂ ಹೇಳಲಾರೆ. ಆ ದಿನಗಳಲ್ಲಿ ರೋಸ್ ಬರೆದುಕೊಂಡ ಟಿಪ್ಪಣಿಯಲ್ಲಿ ಮನೆತನದ ಮರ್ಯಾದೆಗೆ ಬಿದ್ದ ಪೆಟ್ಟಿನ ಮಾತೂ ಇದೆ. ಎಲ್ಲರೂ ಬೆರಳು ಮಾಡಿ ತೋರಿಸುತ್ತಿದ್ದ ದೈವಭಕ್ತ ಸಂಸಾರ, ಈಗ ಬೇರೆ ಕ್ಯಾಥೊಲಿಕ್ ಹುಡುಗಿಯರೂ ಇದನ್ನೇ ಮಾಡಿದರೆ ಎಂಬ ಅಳುಕು. ನಾಲ್ಕು ಜನ ಏನಂತಾರೆ ಅನ್ನುವುದು ಬಾಸ್ಟನ್ನಿನಲ್ಲೂ ಇದೆ, ಬಸವನಗುಡಿಯಲ್ಲೂ ಇದೆ. ಬೇರೆ ಜಾತಿಯವನ ಜೊತೆ ಮಗಳ ಮದುವೆ ಎಂದೊಡನೆ ಹಾಸಿಗೆ ಹಿಡಿದ ಅಮ್ಮಂದಿರು ನಮಗೆ ಹೊಸಬರಲ್ಲ. ಅಲ್ಲೂ ಹೀಗೇ, ಭಯ ಯಾವುದು, ಮರ್ಯಾದೆ ಯಾವುದು ಎಂದು ಅವರಿಗೇ ಬಿಡಿಸಿ ಹೇಳಲು ಬರುವುದಿಲ್ಲ.

ಅಪ್ಪ ಜೋಸೆಫ್ ಮಾತ್ರ ಮಗಳಿಗೆ ಪ್ರೀತಿಯ ತಂತಿ ಕಳಿಸಿದರು. ತಾನು ಕೈಬಿಡುವುದಿಲ್ಲ ಎಂದರು. ಅಮ್ಮನಿಂದ ಏನೂ ಬರಲಿಲ್ಲ. ಮೌನಕ್ಕೆ ಬಹಳ ಶಕ್ತಿ ಇದೆ ಎಂಬರ್ಥದಲ್ಲಿ ಹಿರಿಮಗ ಜೋ ಮನೆಗೊಂದು ತಂತಿ ಹೊಡೆದ. ಕುಟುಕಿ ಹೇಳಿದ್ದು.

ಮುಂದಿನದು ನಾಲ್ಕೇ ತಿಂಗಳಲ್ಲಿ ನಡೆದುಹೋಯಿತು. ಆಗಸ್ಟ್ 12ರಂದು ಸ್ಫೋಟಕ ತುಂಬಿದ ವಿಮಾನ ಆಕಾಶದಲ್ಲೇ ಸಿಡಿದು ಜೋ ಸತ್ತ. ಮರುದಿನ ಭಾನುವಾರ ಹಯಾನಿಸ್ ಪೋರ್ಟ್ ಎಂಬ ಕಡಲತೀರದ ಊರಿನ ಕೆನಡಿಗಳ ಮನೆಗೆ ಇಬ್ಬರು ಪಾದ್ರಿಗಳು ಸುದ್ದಿ ತಂದರು. ಕ್ಯಾಥ್ಲೀನ್ ಅಮೆರಿಕಕ್ಕೆ ಓಡಿ ಬಂದಳು. ಅವಳು ಅಲ್ಲಿರುವಾಗಲೇ ಸೆಪ್ಟೆಂಬರ್‌ನಲ್ಲಿ ಬಿಲ್ಲಿ ಬೆಲ್ಜಿಯಂನಲ್ಲಿ ಗುಂಡಿಗೆ ಬಲಿಯಾದ. ಗಂಡ ಹೆಂಡತಿ ಒಟ್ಟಿಗೆ ಇದ್ದದ್ದು ಸುಮಾರು ಐದು ವಾರ. ವಿಧವೆಯಾದ ಮಗಳಿಗೆ ಚರ್ಚಿನ ಬಾಗಿಲು ತೆರೆಯಿತು. ಮತ್ತೆ ಪರಮಪ್ರಸಾದ ಪಡೆಯಬಹುದು. ರೋಸ್‌ಗೆ ಇದು ನಿಜವಾದ ಸಮಾಧಾನ. ಅಳಿಯನ ಆತ್ಮಕ್ಕೂ ಬಲಿಪೂಜೆ ಹೇಳಿಸಿದರು. ಮಗಳಿಗೆ ಅದು ಸಮಾಧಾನವಾಗಿ ಕೇಳಿಸಿತೇ? ಅವಳು ಬೇಗನೆ ಇಂಗ್ಲೆಂಡಿಗೇ ಹಿಂತಿರುಗಿದಳು, ಬಿಲ್ಲಿಯ ಊರಿಗೆ.

1948ರಲ್ಲಿ ಕಥೆ ಇನ್ನೊಮ್ಮೆ, ಇನ್ನೂ ಬಿಗಿಯಾಗಿ ನಡೆಯಿತು. ಈ ಸಲ ಅರ್ಲ್ ಫಿಟ್ಸ್‌ವಿಲಿಯಂ. ಪ್ರಾಟೆಸ್ಟಂಟ್, ಮದುವೆಯಾದವರು, ಹೆಂಡತಿಗೆ ಡೈವೋರ್ಸ್ ಕೊಡಲು ಹೊರಟವರು. ಹಾಗೇನಾದರೂ ಆದರೆ ನಿನ್ನ ಮುಖ ನೋಡುವುದಿಲ್ಲ ಎಂಬಲ್ಲಿಗೆ ರೋಸ್ ಹೋದರು ಎನ್ನುತ್ತಾರೆ ಜೀವನಚರಿತ್ರೆಕಾರರು. ಮೇ 13ರಂದು ಇಬ್ಬರೂ ಇದ್ದ ಪುಟ್ಟ ವಿಮಾನ ಫ್ರಾನ್ಸಿನ ಬೆಟ್ಟಗಳಲ್ಲಿ ಬಿರುಗಾಳಿಗೆ ಸಿಕ್ಕು ಬಿತ್ತು. ಕ್ಯಾಥ್ಲೀನ್‌ಗೆ 28 ವರ್ಷ.

ಲಂಡನ್ನಿನ ಫಾರ್ಮ್ ಸ್ಟ್ರೀಟ್ ಕ್ಯಾಥೊಲಿಕ್ ಚರ್ಚಿನಲ್ಲಿ ಅಂತ್ಯಪೂಜೆ ಆಯಿತು. ಕೆನಡಿಗಳಲ್ಲಿ ಬಂದದ್ದು ಅಪ್ಪ ಒಬ್ಬರೇ. ರೋಸ್ ಹೋಗಲಿಲ್ಲ. ಹೂತದ್ದು ಡರ್ಬಿಶೈರ್‌ನ ಎಡೆನ್ಸರ್ ಹಳ್ಳಿಯಲ್ಲಿ, ಬಿಲ್ಲಿಯ ಮನೆತನದ ಜಾಗದಲ್ಲಿ. ಕಲ್ಲಿನ ಮೇಲಿನ ಮಾತನ್ನು ಆರಿಸಿದವರು ಅವಳ ಅತ್ತೆ, ಡಚೆಸ್. ಅವಳು ಸಂತೋಷ ಕೊಟ್ಟಳು, ಸಂತೋಷವನ್ನೇ ಕಂಡುಕೊಂಡಳು ಎಂಬರ್ಥದ ಎರಡು ಸಾಲು. ಅತ್ತೆ ಬರೆಸಿದ್ದು, ಅಮ್ಮ ಅಲ್ಲ.

ಬೆಳಗಿನ ಪೂಜೆ

ಮುಂದಿನ ಸಾವುಗಳು ಲೋಕಕ್ಕೆಲ್ಲ ಗೊತ್ತು. 1963ರ ನವೆಂಬರ್ 22, ಜಾನ್. 1968ರ ಜೂನ್ 6, ರಾಬರ್ಟ್. ಎರಡೂ ಸಲ ರೋಸ್ ಮಾಡಿದ್ದು ಒಂದೇ. ಬೆಳಿಗ್ಗೆ ಎದ್ದು ಹಯಾನಿಸ್‌ನ ಸೇಂಟ್ ಫ್ರಾನ್ಸಿಸ್ ಝೇವಿಯರ್ ಚರ್ಚಿಗೆ ಹೋದರು. ಅಲ್ಲಿನ ಬಲಿಪೀಠ ಹಿರಿಮಗ ಜೋ ನೆನಪಿನದು. ಅದರ ಮುಂದೆ ಕೂತರು. ರಾಬರ್ಟ್‌ಗೆ ಗುಂಡು ತಗುಲಿದ ಸುದ್ದಿ ಟಿವಿಯಲ್ಲಿ ಕಂಡದ್ದೇ ಪೂಜೆಗೆಂದು ಎದ್ದಾಗ. ಆವತ್ತೂ ಪೂಜೆ ತಪ್ಪಿಸಲಿಲ್ಲ.

ಇದನ್ನು ನೋಡಿದವರು ನಂಬಿಕೆ ಎಂದರು. ನನಗೆ ಇದು ನಂಬಿಕೆಗಿಂತ ಹೆಚ್ಚಾಗಿ ಅಭ್ಯಾಸ ಅನ್ನಿಸುತ್ತದೆ. ಹಾಗಂತ ಕೀಳು ಮಾಡಿ ಹೇಳುತ್ತಿಲ್ಲ. ಮನಸ್ಸು ಕೆಲಸ ಮಾಡದ ದಿನ ಕಾಲು ತಾನಾಗಿ ದಾರಿ ಹಿಡಿಯಬೇಕಾದರೆ ಅದಕ್ಕೆ ಅರವತ್ತು ವರ್ಷದ ರೂಢಿ ಬೇಕು. ಸತ್ತ ಮಗ ದೇವರ ಹತ್ತಿರ ಇದ್ದಾನೆ, ಅಲ್ಲಿ ನಿಯಮಕ್ಕೂ ಪ್ರೀತಿಗೂ ಜಗಳವಿಲ್ಲ. ಹಾಗಾಗಿ ಜಪಸರ ಕೈಗೆ ಹಗುರ. ಜಗಳ ಇದ್ದದ್ದು ಬದುಕಿರುವ ಹೆಣ್ಣುಮಕ್ಕಳ ಜೊತೆ. ಗಂಡುಮಕ್ಕಳ ನಡತೆ ಚರ್ಚಿಗೆ ಒಪ್ಪುವಂತಿರಲಿಲ್ಲ ಎಂಬುದು ರೋಸ್‌ಗೆ ಗೊತ್ತಿರಲಿಲ್ಲವೇ? ಅವರ ವಿಷಯದಲ್ಲಿ ಕಣ್ಣು ಮುಚ್ಚಿದರು. ಗಂಡನ ವಿಷಯದಲ್ಲೂ ಅಷ್ಟೇ. ನಿಯಮದ ಪೂರ್ತಿ ಭಾರ ಬಿದ್ದದ್ದು ಕ್ಯಾಥ್ಲೀನ್ ಮೇಲೆ. ಈ ಪ್ರಕರಣದಲ್ಲಿ ನನಗೆ ಕ್ಷಮಿಸಲು ಕಷ್ಟವಾಗುವ ಜಾಗ ಇದೊಂದೇ.

ಬರೀ ಕಠೋರ ಚಿತ್ರ ಕೊಟ್ಟರೆ ಅನ್ಯಾಯವಾದೀತು. ಆಕೆಯಲ್ಲಿ ಒಂದು ತಮಾಷೆಯ ಸ್ವಭಾವವೂ ಇತ್ತು. 1962ರಲ್ಲಿ, ಮಗ ಅಧ್ಯಕ್ಷನಾಗಿರುವಾಗ, ತಾವೇ ಸೋವಿಯತ್ ನಾಯಕ ಕ್ರುಶ್ಚೇವ್‌ಗೆ ಪತ್ರ ಬರೆದು ಫೋಟೊಗಳ ಮೇಲೆ ಸಹಿ ಕೇಳಿದರು. ಶೀತಲ ಸಮರದ ನಡುವೆ! ಮಗ ಗಾಬರಿಯಾಗಿ, ಇನ್ನು ಮುಂದೆ ದೇಶದ ಮುಖ್ಯಸ್ಥರಿಗೆ ಬರೆಯುವ ಮೊದಲು ಹೇಳಮ್ಮ ಎಂದು ಕೇಳಿಕೊಂಡ. ಒಳ್ಳೇದಾಯಿತು ಹೇಳಿದ್ದು, ಕ್ಯೂಬಾದ ಕ್ಯಾಸ್ಟ್ರೊಗೆ ಬರೆಯುವವಳಿದ್ದೆ ಎಂದು ಅಮ್ಮನ ಉತ್ತರ. 1961ರ ಜನವರಿ 20ರಂದು, ಮಗ ಪ್ರಮಾಣವಚನ ಸ್ವೀಕರಿಸುವ ದಿನ, ವಾಷಿಂಗ್ಟನ್ ಹಿಮದಲ್ಲಿ ಮುಳುಗಿತ್ತು. ರೋಸ್ ನಡೆದುಕೊಂಡೇ ಹೋಲಿ ಟ್ರಿನಿಟಿ ಚರ್ಚಿಗೆ ಹೋದರು. ಸ್ವಲ್ಪ ಹೊತ್ತಿಗೆ ಜಾನ್ ಕೂಡ ಅದೇ ಪೂಜೆಗೆ ಬಂದ. ಹಿಮದ ಬೂಟು, ದಪ್ಪ ಬಟ್ಟೆಯಲ್ಲಿದ್ದ ಅಮ್ಮ ಹತ್ತಿರ ಹೋಗದೆ ಹಿಂದಿನಿಂದ ನೋಡುತ್ತ ಕೂತರು. ಯಾರೂ ಹೇಳದೆ ಮಗ ತಾನಾಗಿ ಬಂದನಲ್ಲ ಎಂಬ ಖುಷಿ.

ರೋಸ್‌ಮೇರಿಯ ಎಳೆ ತಂಗಿ ಯೂನಿಸ್ ಕೈಗೆ ಹೋಯಿತು. 1962ರಲ್ಲಿ ಅವರು ಪತ್ರಿಕೆಯಲ್ಲಿ ಅಕ್ಕನ ಸ್ಥಿತಿಯನ್ನು ಬಹಿರಂಗವಾಗಿ ಬರೆದರು. ಮನೆಯವರು ಮುಚ್ಚಿಟ್ಟದ್ದು ಆ ದಿನ ತೆರೆಯಿತು. 1968ರ ಜುಲೈನಲ್ಲಿ, ರಾಬರ್ಟ್ ಸತ್ತು ಏಳು ವಾರವೂ ಸರಿಯಾಗಿ ಕಳೆದಿರಲಿಲ್ಲ, ಶಿಕಾಗೊದಲ್ಲಿ ಬುದ್ಧಿಮಾಂದ್ಯರ ಕ್ರೀಡಾಕೂಟವಾದ ಮೊದಲ ಸ್ಪೆಷಲ್ ಒಲಿಂಪಿಕ್ಸ್ ನಡೆಸಿದರು. ರೋಸ್ ಕೂಡ ಬುದ್ಧಿಮಾಂದ್ಯ ಮಕ್ಕಳ ಪರವಾಗಿ ಮಾತಾಡುತ್ತ ಊರೂರು ತಿರುಗಿದರು. ಇಪ್ಪತ್ತು ವರ್ಷದ ಮೌನಕ್ಕೆ ಇದು ಸಾಟಿಯಾಗುತ್ತದೆಯೇ ಎಂದು ತೂಗಲು ನನ್ನ ಹತ್ತಿರ ತಕ್ಕಡಿ ಇಲ್ಲ.

ಎಡೆನ್ಸರ್‌ನ ಗೋರಿಗೂ ಮನೆಯಿಂದ ಒಬ್ಬ ಹೋದ. 1963ರ ಜೂನ್ 29ರಂದು ಅಧ್ಯಕ್ಷ ಜಾನ್ ಕೆನಡಿ ಐರ್ಲೆಂಡಿನಿಂದ ಬರುವ ದಾರಿಯಲ್ಲಿ ಹೆಲಿಕಾಪ್ಟರ್ ಇಳಿಸಿ ತಂಗಿಯ ಕಲ್ಲಿನ ಮುಂದೆ ನಿಂತ. ಐದು ತಿಂಗಳಲ್ಲಿ ಅವನೂ ಇರಲಿಲ್ಲ.

ರೋಸ್‌ಗೆ 1984ರಲ್ಲಿ ಪಾರ್ಶ್ವವಾಯು ಬಡಿಯಿತು. ಆಮೇಲೆ ಗಾಲಿಕುರ್ಚಿ. ಚರ್ಚಿಗೆ ಹೋಗಲಾಗದವರ ಮನೆಗೇ ಫಾದರ್ ಬಂದು ಪೂಜೆ ಮಾಡಿದರು. 1990ರಲ್ಲಿ ನೂರು ತುಂಬಿತು. 1995ರ ಜನವರಿ 22ರಂದು, ಹಯಾನಿಸ್ ಪೋರ್ಟ್‌ನ ಮನೆಯಲ್ಲಿ, ನ್ಯುಮೋನಿಯಾದಿಂದ ತೀರಿಕೊಂಡರು. ಎರಡು ದಿನ ಬಿಟ್ಟು ಅಂತ್ಯಪೂಜೆ ನಡೆದದ್ದು ನಾರ್ತ್ ಎಂಡ್‌ನ ಸೇಂಟ್ ಸ್ಟೀಫನ್ಸ್‌ನಲ್ಲಿ, 1890ರಲ್ಲಿ ಜ್ಞಾನಸ್ನಾನ ಆದ ಚರ್ಚಿನಲ್ಲೇ. ಅಲ್ಲಿಂದ ಬ್ರೂಕ್‌ಲೈನ್‌ನ ಹೋಲಿಹುಡ್ ಸ್ಮಶಾನಕ್ಕೆ, ಗಂಡನ ಪಕ್ಕಕ್ಕೆ. ಹತ್ತು ವರ್ಷದ ಮೇಲೆ ರೋಸ್‌ಮೇರಿ ತೀರಿಕೊಂಡಾಗ ಅವಳನ್ನೂ ಅಲ್ಲಿಗೇ ತಂದರು, ಅಪ್ಪ ಅಮ್ಮನ ಹತ್ತಿರ. ಕ್ಯಾಥ್ಲೀನ್ ಎಡೆನ್ಸರ್‌ನಲ್ಲೇ ಇದ್ದಾಳೆ.